ಆಟ ಮುಗಿದ ಮೇಲೆ ಮೊದಲ ಮಾತು ಸೋತವರದು

ಪ್ರಶ್ನೆ: ನನಗೆ 66 ವರ್ಷ, ಬ್ಯಾಂಕಿನಿಂದ ನಿವೃತ್ತ. ಕಾಲೇಜಿನಲ್ಲಿದ್ದಾಗ ಚೆಸ್ ಹುಚ್ಚಿತ್ತು, ನಡುವೆ ಬಿಟ್ಟುಹೋಯಿತು. ಈಗ ಮೊಬೈಲಿನಲ್ಲಿ ದಿನಾ ಸಂಜೆ ಹತ್ತು ನಿಮಿಷದ ಆಟ ಆಡುತ್ತೇನೆ. ಗೆದ್ದರೂ ಸೋತರೂ ಕೊನೆಗೊಂದು ‘ಗುಡ್ ಗೇಮ್’ ಕಳಿಸುವುದು ನನ್ನ ರೂಢಿ. ಈಚೆಗೆ ಎದುರಾಳಿ ಮಂತ್ರಿಯನ್ನು ಪುಕ್ಕಟೆ ಬಿಟ್ಟುಕೊಟ್ಟರು, ಗೆದ್ದೆ, ಎಂದಿನಂತೆ ‘ಗುಡ್ ಗೇಮ್’ ಅಂದೆ. ಬಂದ ಉತ್ತರ ಇಲ್ಲಿ ಬರೆಯುವಂಥದ್ದಲ್ಲ. ಇನ್ನೊಮ್ಮೆ ನಾನು ನಿಜಕ್ಕೂ ಚೆನ್ನಾಗಿ ಆಡಿ ಗೆದ್ದಾಗ ‘ಎಂಜಿನ್?’ ಅಂತ ಒಂದೇ ಪದ ಬಂತು, ಅಂದರೆ ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಮಿನ ನೆರವು ಪಡೆದಿರಾ ಎಂದು. ರಾತ್ರಿಯೆಲ್ಲ ಅದೇ ಕೊರೆಯಿತು. ಸೋಲು ಖಚಿತವಾದಾಗ ನಡೆ ಆಡದೆ ಗಡಿಯಾರ ಓಡಲು ಬಿಟ್ಟು ಕೂರುವವರಿಗಂತೂ ಏನಾದರೂ ಅನ್ನಲೇಬೇಕು ಅನಿಸುತ್ತದೆ. ‘ಚಾಟ್ ಬಂದ್ ಮಾಡಿಬಿಡಿ ತಾತ’ ಅನ್ನುತ್ತಾನೆ ಮೊಮ್ಮಗ. ಹಾಗೆ ಮಾಡಿದರೆ ಸೊಕ್ಕು ಅಂದುಕೊಳ್ಳುವುದಿಲ್ಲವೇ? ಆಟ ಮುಗಿದ ಮೇಲೆ ಏನು ಬರೆಯಬೇಕು, ಏನು ಬರೆಯಬಾರದು? – ದಾವಣಗೆರೆಯ ಓದುಗರು

ಉತ್ತರ: ನಿಮ್ಮ ‘ಗುಡ್ ಗೇಮ್’ನಲ್ಲಿ ದುರುದ್ದೇಶವೇನೂ ಇರಲಿಲ್ಲ, ಅದು ನನಗೆ ಅರ್ಥವಾಗುತ್ತದೆ. ಆದರೆ ಅದು ಹೋದ ಹೊತ್ತು ಸರಿಯಿರಲಿಲ್ಲ. ಗೆದ್ದವರ ಕಡೆಯಿಂದ, ಕೇಳದೇ, ಮಂತ್ರಿ ಕಳೆದುಕೊಂಡ ಉರಿ ಆರುವ ಮೊದಲೇ ಹೋಯಿತು. ಆನ್‌ಲೈನ್ ಆಟದ ಸಂದೇಶಗಳ ಬಗ್ಗೆ ಕೇಳಿದವರಿಗೆಲ್ಲ ನಾನು ಹೇಳುವುದು ಇದನ್ನೇ: ಆಟ ಮುಗಿದ ಮೇಲೆ ಮೊದಲ ಮಾತು ಸೋತವರದು. ಗೆದ್ದವರು ಕಾಯಬೇಕು. ಮಾತು ಬಂದರೆ ಉತ್ತರ ಕೊಡಬೇಕು, ಬರದಿದ್ದರೆ ತಮ್ಮ ಪಾಡಿಗೆ ಮುಂದಿನ ಆಟಕ್ಕೆ ಹೋಗಬೇಕು.

ಇದು ನಾನು ಹೊಸದಾಗಿ ಕಟ್ಟಿದ್ದಲ್ಲ, ಎದುರುಬದುರು ಕೂತು ಆಡುವ ಚೆಸ್‌ನ ಹಳೆಯ ಪದ್ಧತಿ. ಅಲ್ಲಿ ಸೋಲೊಪ್ಪುವವರು ಗಡಿಯಾರ ನಿಲ್ಲಿಸಿ ತಾವೇ ಕೈ ಚಾಚುತ್ತಾರೆ, ಗೆದ್ದವರು ಆ ಕೈ ಹಿಡಿಯುತ್ತಾರೆ. ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆಯ ನಿಯಮದಂತೆ ಇಬ್ಬರೂ ನಡೆಗಳನ್ನು ಬರೆದುಕೊಂಡ ಎರಡೂ ಸ್ಕೋರ್‌ಶೀಟಿಗೆ ಸಹಿ ಹಾಕಿ ಫಲಿತಾಂಶ ಒಪ್ಪಬೇಕು. ಆಮೇಲಿನದು ಸೋತವರ ಇಷ್ಟ. ಮಕ್ಕಳ ಟೂರ್ನಿಗಳಲ್ಲಿ ಆರ್ಬಿಟರ್, ಅಂದರೆ ತೀರ್ಪುಗಾರ, ಆಗಿ ನಿಂತಾಗ ನಾನು ಹೆಚ್ಚು ಗಮನಿಸುವುದು ಈ ಹೊತ್ತನ್ನೇ. ಸೋತ ಹುಡುಗ ತಲೆ ಎತ್ತದೆ ಸಹಿ ಹಾಕುತ್ತಾನೆ, ಪೆನ್ನಿಗೆ ಕ್ಯಾಪ್ ಹಾಕುತ್ತಾನೆ, ಹೊರಗೆ ಹೋಗಿ ನೀರು ಕುಡಿಯುತ್ತಾನೆ, ಅಮ್ಮನ ಹತ್ತಿರ ಏನೋ ಗೊಣಗುತ್ತಾನೆ. ಸ್ವಲ್ಪ ಹೊತ್ತಿಗೆ ತಾನಾಗಿ ವಾಪಸ್ ಬಂದು, ‘ನಿನ್ ಒಂಟೆ ಅಲ್ಲೀತನಕ ಬರತ್ತೆ ಅಂತ ನೋಡ್ಲೇ ಇಲ್ಲ ಕಣೋ’ ಅನ್ನುತ್ತಾನೆ. ಅಲ್ಲಿಂದ ಇಬ್ಬರೂ ಕಾಯಿ ಜೋಡಿಸಿಕೊಂಡು ಚರ್ಚೆಗೆ ಇಳಿದರೆ ಮುಂದಿನ ಸುತ್ತಿಗೆ ನಾವೇ ಎಬ್ಬಿಸಬೇಕು. ಅದೇ ಹುಡುಗನನ್ನು ಗೆದ್ದವನು ಬಾಗಿಲವರೆಗೆ ಹಿಂಬಾಲಿಸಿ ‘ಒಳ್ಳೇ ಆಟ ಆಡ್ದೆ’ ಅಂದಿದ್ದರೆ ಏನಾಗುತ್ತಿತ್ತು ಎಂದು ಬೇರೆ ಹೇಳಬೇಕಿಲ್ಲ.

ಮೊಬೈಲಿನಲ್ಲಿ ಆ ನೀರು ಕುಡಿಯುವ ಹೊತ್ತೇ ಇಲ್ಲ. ಆಟ ಮುಗಿದ ಕ್ಷಣಕ್ಕೆ ಪರದೆಯ ಮೇಲೆ ಫಲಿತಾಂಶ ಏಳುತ್ತದೆ, ರೇಟಿಂಗ್ ಇಷ್ಟು ಕಳೆಯಿತು ಎಂಬ ಅಂಕಿ ಕಾಣುತ್ತದೆ, ಆ ಅಂಕಿಯ ಪಕ್ಕದಲ್ಲೇ ನಿಮ್ಮ ‘ಗುಡ್ ಗೇಮ್’ ಬಂದು ಕೂರುತ್ತದೆ. ನಿಮ್ಮ ಮುಖ ಕಾಣುವುದಿಲ್ಲ, ದನಿ ಕೇಳುವುದಿಲ್ಲ. ಮಂತ್ರಿಯನ್ನು ಪುಕ್ಕಟೆ ಕೊಟ್ಟ ಆಟ ಒಳ್ಳೆಯದಾಗಿರಲಿಲ್ಲ ಎಂದು ಅವರಿಗೆ ಗೊತ್ತು. ಹಾಗಾಗಿ ಕುಹಕ ಎಂದೇ ಓದಿಕೊಳ್ಳುತ್ತಾರೆ.

ಎದುರಾಳಿಯ ತಪ್ಪಿನಿಂದ ಗೆದ್ದಾಗ ಹೇಗಿರಬೇಕು ಎಂಬುದಕ್ಕೆ ನಾನು ತೋರಿಸುವುದು ಸಿಂಗಾಪುರದ ವಿಶ್ವ ಚಾಂಪಿಯನ್‌ಷಿಪ್. 2024ರ ಡಿಸೆಂಬರ್ 12, ಹದಿನಾಲ್ಕನೆಯ ಮತ್ತು ಕೊನೆಯ ಆಟ. ಆಟ ಡ್ರಾ ಕಡೆಗೆ ಸಾಗುತ್ತಿದ್ದಾಗ ಆಗ ಚಾಂಪಿಯನ್ ಆಗಿದ್ದ ಚೀನಾದ ಡಿಂಗ್ ಲಿರೆನ್ 55ನೇ ನಡೆಯಲ್ಲಿ ಆನೆಯನ್ನು ಎಫ್2 ಮನೆಗೆ ಇಟ್ಟರು. ಆನೆಗಳೂ ಒಂಟೆಗಳೂ ವಿನಿಮಯವಾಗಿ, ಉಳಿದ ಕಾಲಾಳುಗಳ ಆಟದಲ್ಲಿ ಸೋಲು ಖಚಿತವಾಯಿತು. ಹದಿನೆಂಟು ವರ್ಷದ ಗುಕೇಶ್ ಚಾಂಪಿಯನ್ ಆದದ್ದು ಆ ಒಂದು ತಪ್ಪಿನಿಂದ. ಡಿಂಗ್ ಸೋಲೊಪ್ಪಿ ಕೈಕೊಟ್ಟು ಎದ್ದುಹೋದ ಮೇಲೆ ಹುಡುಗ ಅಳುತ್ತಲೇ ಬೋರ್ಡಿನ ಕಾಯಿಗಳನ್ನೆಲ್ಲ ಅವುಗಳ ಮನೆಯಲ್ಲಿ ಜೋಡಿಸಿಟ್ಟ. ಪತ್ರಿಕಾಗೋಷ್ಠಿಯಲ್ಲಿ ಡಿಂಗ್ ಕಷ್ಟದ ನಡುವೆಯೂ ನಿಜವಾದ ಚಾಂಪಿಯನ್ನನಂತೆ ಹೋರಾಡಿದರು ಎಂದ. ಹೊಗಳಿದ್ದು ಇಡೀ ಪಂದ್ಯದ ಹೋರಾಟವನ್ನು, ಆ ಕೊನೆಯ ಆಟವನ್ನಲ್ಲ. ಗೆಲುವಿನ ಖುಷಿಯನ್ನೂ ಮುಚ್ಚಿಡಲಿಲ್ಲ. ಆ ಬೆರಕೆ ನನಗೆ ತುಂಬ ಇಷ್ಟ.

ನಿಮ್ಮ ಹತ್ತು ನಿಮಿಷದ ಆಟಕ್ಕೆ ಪತ್ರಿಕಾಗೋಷ್ಠಿ ಬೇಡ. ಮಂತ್ರಿ ಪುಕ್ಕಟೆ ಸಿಕ್ಕ ಆಟದ ಕೊನೆಗೆ ಏನೂ ಬರೆಯಬೇಡಿ, ಅಷ್ಟೇ. ಅವರೇ ‘ಜಿಜಿ’ (ಗುಡ್ ಗೇಮ್‌ನ ಚುಟುಕು ರೂಪ) ಅಂದರೆ ‘ಥ್ಯಾಂಕ್ಸ್’ ಅನ್ನಿ. ಇನ್ನೂ ಒಂದು ಮಾತು ಆಡುವ ಮನಸ್ಸಿದ್ದರೆ ಅದರಲ್ಲಿ ಒಂದು ನಡೆ ಇರಲಿ. ‘ಬ್ಯಾಡ್ ಲಕ್, ಚೆನ್ನಾಗಿ ಆಡಿದಿರಿ’ ಎಂಬುದನ್ನೂ, ‘14ನೇ ನಡೆಯಲ್ಲಿ ನಿಮ್ಮ ಕುದುರೆ ಡಿ5ಕ್ಕೆ ಬಂದಾಗ ನನ್ನ ಅರ್ಧ ಸಮಯ ಅಲ್ಲೇ ಹೋಯಿತು’ ಎಂಬುದನ್ನೂ ಒಟ್ಟಿಗೆ ಇಟ್ಟು ನೋಡಿ. ಮೊದಲನೆಯದು ಯಾರಿಗೆ ಬೇಕಾದರೂ ಕಳಿಸಬಹುದಾದ ಮಾತು, ಮೇಲಿಂದ ಕೆಳಗೆ ಕೈಯಾಡಿಸಿದ ಹಾಗಿದೆ. ಎರಡನೆಯದು ನಿಮಗಾದದ್ದನ್ನು ಹೇಳುತ್ತದೆ, ಅವರ ತಪ್ಪಿನ ಸುದ್ದಿಗೇ ಹೋಗುವುದಿಲ್ಲ. ಆದರೆ ನಿಜವಿದ್ದರೆ ಮಾತ್ರ ಬರೆಯಿರಿ. ಆಟ ಮುಗಿದ ತಕ್ಷಣ ಅನಾಲಿಸಿಸ್ ಗುಂಡಿ ಒತ್ತಿದರೆ ಆ ಕುದುರೆ ನಡೆಯ ಯೋಗ್ಯತೆ ಏನೆಂದು ಎಂಜಿನ್ ಹೇಳಿಬಿಡುತ್ತದೆ. ಬಾಯುಪಚಾರದ ಹೊಗಳಿಕೆ ಚೆಸ್‌ನಲ್ಲಿ ಬಾಳುವುದಿಲ್ಲ.

ನೀವು ಸೋತಾಗ ಮಾತ್ರ ಮೊದಲು ಬರೆಯುವವರು ನೀವೇ ಆಗಿ. ‘ಚೆನ್ನಾಗಿ ಆಡಿದಿರಿ’ ಸಾಕು. ಅದರ ಬಾಲಕ್ಕೆ ‘ಆದರೆ’ ಅಂಟಿಸಬೇಡಿ. ಆದರೆ ನಾನೇ ಗೆಲ್ಲುತ್ತಿದ್ದೆ, ಆದರೆ ಬೆರಳು ಜಾರಿತು, ಆದರೆ ನಡುವೆ ಫೋನ್ ಬಂತು, ಆದರೆ ನೆಟ್ ಕೈಕೊಟ್ಟಿತು. ಎಲ್ಲವೂ ನಿಜವಿರಬಹುದು. ನಮ್ಮ ಕಡೆ ಕರೆಂಟು ಹೋಗಿ ವೈಫೈ ಸತ್ತು ಸೋತ ಆಟಗಳಿಗೆ ಲೆಕ್ಕವಿಲ್ಲ. ಆದರೂ ಎದುರಿನವರ ಕೈಗೆ ಕೊಟ್ಟ ಗೆಲುವನ್ನು ಅರ್ಧ ಕಿತ್ತುಕೊಂಡ ಹಾಗಾಗುತ್ತದೆ. ಬೆರಳು ಜಾರಿದ ಕತೆ ಮನೆಯಲ್ಲಿ ಹೇಳಿಕೊಳ್ಳಿ, ಕೇಳುವವರಿದ್ದರೆ.

ಸೋಲನ್ನು ಜನ ಇಷ್ಟು ಹಚ್ಚಿಕೊಳ್ಳುವುದು ಕಂಡಾಗ ನಾನು ಒಂದು ಲೆಕ್ಕ ಹೇಳುವುದುಂಟು. ತಾಣಗಳು ನಿಮ್ಮ ರೇಟಿಂಗಿಗೆ ಹತ್ತಿರದವರನ್ನೇ ಹುಡುಕಿ ಜೋಡಿ ಮಾಡುತ್ತವೆ. ರೇಟಿಂಗಿಗೆ ಬಳಸುವ ಎಲೋ ಎಂಬ ಲೆಕ್ಕದಲ್ಲಿ ಸಮಬಲರ ನಡುವೆ ಒಬ್ಬರಿಗೆ ಸಿಗಬಹುದಾದ ಅಂಕ ಶೇ 50. ಎದುರಾಳಿಗಿಂತ 200 ಪಾಯಿಂಟ್ ಮೇಲಿದ್ದವರಿಗೂ ಸುಮಾರು ಶೇ 76, ಅಷ್ಟೇ. ನೀವು ಸುಧಾರಿಸಿದಂತೆಲ್ಲ ಎದುರಾಳಿಗಳೂ ಗಟ್ಟಿಯಾಗುತ್ತ ಹೋಗುತ್ತಾರೆ, ಸೋಲಿನ ಪಾಲು ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆನ್‌ಲೈನ್‌ನಲ್ಲಿ ಆಡುವುದೆಂದರೆ ಹತ್ತಿರಹತ್ತಿರ ಅರ್ಧ ಆಟ ಸೋಲುವುದು. ವಿಶ್ವನಾಥನ್ ಆನಂದ್ ಅವರಿಗೆ ಆನಂದ್‌ರಂಥವರನ್ನೇ ಜೋಡಿ ಮಾಡಿದರೆ ಅವರ ಲೆಕ್ಕವೂ ಇದೇ.

ಸಿದ್ಧ ಸಂದೇಶಗಳ ವಿಷಯ. ಲಿಚೆಸ್ ಎಂಬ ಚೆಸ್ ತಾಣದಲ್ಲಿ ಇವಕ್ಕೆ ಗುಂಡಿಗಳೇ ಇವೆ: ಆಟದ ಆರಂಭದಲ್ಲಿ ಹಲೋ, ಗುಡ್ ಲಕ್, ಹ್ಯಾವ್ ಫನ್, ಯೂ ಟೂ, ಮುಗಿದ ಮೇಲೆ ಗುಡ್ ಗೇಮ್, ವೆಲ್ ಪ್ಲೇಡ್, ಥ್ಯಾಂಕ್ ಯೂ, ಇನ್ನು ಹೊರಡಬೇಕು, ಬೈ. ಹುಡುಗರು ಇವನ್ನು ಜಿಜಿ, ಡಬ್ಲ್ಯುಪಿ, ಟಿವೈ ಎಂದು ಎರಡಕ್ಷರದಲ್ಲಿ ಮುಗಿಸುತ್ತಾರೆ. ಅದನ್ನು ಒರಟುತನ ಅಂದುಕೊಳ್ಳಬೇಡಿ, ಒಂದು ನಿಮಿಷದ ಬುಲೆಟ್ ಆಟದವರಿಗೆ ಪೂರ್ತಿ ಪದ ಬರೆಯಲು ಪುರುಸೊತ್ತಿರುವುದಿಲ್ಲ. ಒರಟು ಇರುವುದು ಬೇರೆ ಕಡೆ. ಆಟ ಇನ್ನೂ ನಡೆಯುತ್ತಿರುವಾಗಲೇ ‘ಜಿಜಿ’ ಕಳಿಸಿದರೆ ‘ಇನ್ನೇನು ನಿನ್ನ ಕತೆ ಮುಗೀತು, ಏಳು’ ಎಂದ ಹಾಗೆ. ‘ಈಝಡ್’ ಅಂದರೆ ಈಝಿ, ನೀನು ನನಗೆ ಯಾವ ಲೆಕ್ಕ ಎಂದು. ಮೊಮ್ಮಗನಿಗೆ ಇವೆರಡೂ ಚೆನ್ನಾಗಿ ಗೊತ್ತಿರುತ್ತವೆ, ಕೇಳಿ ನೋಡಿ.

ಇನ್ನು ನಿಮಗೆ ಬಂದ ಬೈಗುಳ. 2025ರ ಜೂನ್ 1ರಂದು ನಾರ್ವೆಯಲ್ಲಿ ಕಾರ್ಲ್‌ಸನ್ ಗೆಲ್ಲುವ ಸ್ಥಿತಿಯಿಂದ ಜಾರಿ ಗುಕೇಶ್‌ಗೆ ಸೋತಾಗ ಮೇಜಿಗೆ ಗುದ್ದಿದ ವಿಡಿಯೊ ನೀವೂ ನೋಡಿರಬೇಕು. ಬೋರ್ಡಿನ ಕಾಯಿಗಳು ಹಾರಿದವು. ಐದು ಸಲ ವಿಶ್ವ ಚಾಂಪಿಯನ್ ಆದವರು! ಮರುಗಳಿಗೆಗೇ ಕೈಕುಲುಕಿ ಕ್ಷಮೆ ಕೇಳಿದರು, ಹೊರಡುವಾಗ ಗುಕೇಶ್ ಬೆನ್ನು ತಟ್ಟಿ ಹೋದರು. ಆ ಬಗ್ಗೆ ಕೇಳಿದಾಗ ಗುಕೇಶ್, ನಾನೂ ಎಷ್ಟೋ ಮೇಜು ಗುದ್ದಿದ್ದೇನೆ ಎಂದುಬಿಟ್ಟರು. ನಿಮ್ಮ ಎದುರಾಳಿ ಗುದ್ದಿದ್ದು ಚಾಟ್ ಪೆಟ್ಟಿಗೆಯನ್ನು. ಕೋಪ ಇದ್ದದ್ದು ತನ್ನ ಮಂತ್ರಿಯ ಮೇಲೆ. ಹಾಗಂತ ಹೊಲಸು ಮಾತನ್ನು ಸಹಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಕಾರ್ಲ್‌ಸನ್ ಬೈದದ್ದು ಯಾರನ್ನೂ ಅಲ್ಲ. ರಿಪೋರ್ಟ್ ಒತ್ತಿ, ಬ್ಲಾಕ್ ಮಾಡಿ. ಉತ್ತರ ಮಾತ್ರ ಬೇಡ. ವಯಸ್ಸಿನ ಲೆಕ್ಕ ತೆಗೆದು ಬುದ್ಧಿ ಹೇಳಲು ಹೋದರೆ ಇನ್ನೆರಡು ಬೈಗುಳ ಗ್ಯಾರಂಟಿ.

‘ಎಂಜಿನ್?’ ಎಂಬ ಒಂಟಿ ಪದದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಇವತ್ತು ಆನ್‌ಲೈನ್ ಚೆಸ್‌ನಲ್ಲಿ ಅತಿ ಹೆಚ್ಚು ಮನಸ್ಸು ಕೆಡಿಸುವ ಸಂದೇಶ ಅದೇ. ಅನುಮಾನಕ್ಕೆ ಕಾರಣ ಇಲ್ಲದಿಲ್ಲ. 1997ರಲ್ಲಿ ಕ್ಯಾಸ್ಪರೋವ್‌ರನ್ನು ಸೋಲಿಸಲು ಐಬಿಎಂಗೆ ಡೀಪ್ ಬ್ಲೂ ಎಂಬ ದೈತ್ಯ ಯಂತ್ರ ಬೇಕಾಗಿತ್ತು. ಈಗ ನಿಮ್ಮ ಜೇಬಿನ ಫೋನಿನಲ್ಲಿ ಪುಕ್ಕಟೆ ಸಿಗುವ ಸ್ಟಾಕ್‌ಫಿಶ್ ಎಂಬ ಎಂಜಿನ್ ಯಾವ ವಿಶ್ವ ಚಾಂಪಿಯನ್ನನನ್ನೂ ಸೋಲಿಸುತ್ತದೆ. ಮೋಸ ಮಾಡುವವರು ಇದ್ದಾರೆ, ನಮ್ಮ ನಡುವೆಯೂ ಇದ್ದಾರೆ. 2021ರ ಜೂನ್‌ನಲ್ಲಿ ಕೋವಿಡ್ ಪರಿಹಾರ ನಿಧಿಗಾಗಿ ಆನಂದ್ ಹಲವು ಗಣ್ಯರ ಜೊತೆ ಏಕಕಾಲಕ್ಕೆ ಆನ್‌ಲೈನ್‌ನಲ್ಲಿ ಆಡಿದರು. ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ಆನಂದ್‌ರನ್ನು ಸೋಲಿಸಿಬಿಟ್ಟರು. ಮರುದಿನ, ಆಟ ನೋಡುತ್ತಿದ್ದವರ ಮತ್ತು ಕಂಪ್ಯೂಟರಿನ ನೆರವು ಪಡೆದಿದ್ದೆ ಎಂದು ತಾವೇ ಒಪ್ಪಿ ಕ್ಷಮೆ ಕೇಳಿದರು. ಆಗ ಆನಂದ್ ಟ್ವಿಟರಿನಲ್ಲಿ ಬರೆದದ್ದನ್ನು ಹುಡುಕಿ ಓದಿ. ಹಣ ಸಂಗ್ರಹಕ್ಕಾಗಿ ನಡೆದ ಖುಷಿಯ ಆಟ ಅದು, ನಾನು ಬೋರ್ಡಿನ ಮೇಲಿದ್ದ ಸ್ಥಿತಿಯನ್ನು ಆಡಿದೆ, ಉಳಿದವರಿಂದಲೂ ಅದನ್ನೇ ನಿರೀಕ್ಷಿಸಿದ್ದೆ ಎಂಬರ್ಥದ ಮೂರು ಸಾಲು. ಯಾರ ಹೆಸರೂ ಇಲ್ಲ, ಒಂದು ಗುಣವಾಚಕವೂ ಇಲ್ಲ. ಮೋಸ ಒಪ್ಪಿಕೊಂಡ ಪ್ರಕರಣದಲ್ಲೇ ಅವರು ಇಷ್ಟಕ್ಕೆ ನಿಲ್ಲಿಸಿದರು. ನಾವು ಬರೀ ಅನುಮಾನಕ್ಕೆ ಎಷ್ಟೊಂದು ಬರೆಯುತ್ತೇವೆ!

ಅನುಮಾನ ಆಡಿ ತೋರಿಸಿದರೆ ಎಲ್ಲಿಗೆ ಹೋಗಬಹುದು ಎಂಬುದಕ್ಕೆ ರಷ್ಯಾದ ಮಾಜಿ ವಿಶ್ವ ಚಾಂಪಿಯನ್ ಕ್ರಾಮ್ನಿಕ್ ಕತೆಯಿದೆ. 2006ರಲ್ಲಿ ರಷ್ಯಾದ ಎಲಿಸ್ತಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎದುರಾಳಿ ತೊಪಲೋವ್ ಕಡೆಯವರು, ಕ್ರಾಮ್ನಿಕ್ ಪದೇ ಪದೇ ಬಚ್ಚಲಿಗೆ ಹೋಗುತ್ತಾರೆ ಎಂದು ದೂರು ಕೊಟ್ಟು ಮೋಸದ ಸಂಶಯ ಹಬ್ಬಿಸಿದರು. ಬಚ್ಚಲಿಗೆ ಬೀಗ ಬಿತ್ತು, ಕ್ರಾಮ್ನಿಕ್ ಪ್ರತಿಭಟಿಸಿ ಐದನೇ ಆಟಕ್ಕೆ ಕೂರಲಿಲ್ಲ, ಆ ಅಂಕ ಕಳೆದುಕೊಂಡರು, ಕೊನೆಗೆ ಟೈಬ್ರೇಕ್‌ನಲ್ಲಿ ಗೆದ್ದರು. ಆರೋಪದ ಬಿಸಿ ಏನೆಂದು ಅವರಷ್ಟು ಚೆನ್ನಾಗಿ ಗೊತ್ತಿದ್ದವರು ಕಡಿಮೆ. ಅದೇ ಕ್ರಾಮ್ನಿಕ್ ಈಚಿನ ವರ್ಷಗಳಲ್ಲಿ ಆನ್‌ಲೈನ್ ಆಟಗಾರರ ಮೇಲೆ ಒಬ್ಬರಾದ ಮೇಲೊಬ್ಬರಂತೆ ಬೊಟ್ಟು ಮಾಡುತ್ತ ಹೋದರು. ಅವರಲ್ಲಿ ಒಬ್ಬರು ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ಡೇನಿಯಲ್ ನರೊಡಿಟ್ಸ್ಕಿ. ಲಕ್ಷಾಂತರ ಜನರಿಗೆ ನೆಟ್‌ನಲ್ಲಿ ನಗುನಗುತ್ತ ಚೆಸ್ ಕಲಿಸಿದ ಮೇಷ್ಟ್ರು. ಆರೋಪ ಶುರುವಾದ ಮೇಲೆ ಚೆನ್ನಾಗಿ ಆಡಿದರೆ ಜನ ಕೆಟ್ಟದ್ದನ್ನೇ ಊಹಿಸುತ್ತಾರೆ ಎಂದು ತಮ್ಮ ಕೊನೆಯ ನೇರಪ್ರಸಾರದಲ್ಲಿ ಅವರು ನೊಂದು ಹೇಳಿದ್ದರು. 2025ರ ಅಕ್ಟೋಬರ್‌ನಲ್ಲಿ, 29ನೇ ವಯಸ್ಸಿಗೆ ತೀರಿಕೊಂಡರು. ಆ ಸಾವಿಗೂ ಈ ಆರೋಪಕ್ಕೂ ಗಂಟು ಹಾಕುವುದು ನನ್ನ ಕೆಲಸವಲ್ಲ. ಆದರೆ ನಿಮ್ಮ ಆ ಒಂದು ರಾತ್ರಿಯ ಕೊರೆತ ಒಬ್ಬ ಗ್ರ್ಯಾಂಡ್‌ಮಾಸ್ಟರಿಗೆ ತಿಂಗಳುಗಟ್ಟಲೆ ಇತ್ತು ಎಂಬುದಂತೂ ನಿಜ.

ಹಾಗಾಗಿ ಆ ಪ್ರಶ್ನೆ ಬಂದಾಗ ಉತ್ತರ ಕೊಡಬೇಡಿ. ‘ಇಲ್ಲ, ನಾನೇ ಆಡಿದ್ದು’ ಎಂದರೆ ಮೋಸಗಾರನೂ ಅದನ್ನೇ ಹೇಳುತ್ತಾನೆ. ಪ್ರಮಾಣ ಮಾಡಿ ತೋರಿಸಲು ಚಾಟ್ ಪೆಟ್ಟಿಗೆ ಧರ್ಮಸ್ಥಳವಲ್ಲ. ನಿಮ್ಮ ಅಕ್ಯುರಸಿ (ನಡೆಗಳು ಎಷ್ಟು ಕರಾರುವಾಕ್ಕು ಎಂದು ತಾಣ ತೋರಿಸುವ ಅಂಕಿ) ಶೇ 95 ಬಂದಿದ್ದರೂ ಅದರಿಂದ ಯಾವುದೂ ಸಾಬೀತಾಗುವುದಿಲ್ಲ; ಎದುರಾಳಿ ಬೇಗ ಕಾಯಿ ಕಳೆದುಕೊಂಡ ಚಿಕ್ಕ ಆಟಗಳಲ್ಲಿ ಸಾಮಾನ್ಯ ಆಟಗಾರನಿಗೂ ಅಷ್ಟು ಬರುತ್ತದೆ, ಮಾಡಬೇಕಾದ ನಡೆಗಳು ಕಣ್ಣಿಗೆ ರಾಚುತ್ತಿರುತ್ತವೆ. ತಾಣದವರು ನೋಡುವುದು ಒಂದು ಆಟವನ್ನಲ್ಲ. ಹಲವು ಆಟಗಳಲ್ಲಿ ನಡೆಗಳು ಎಂಜಿನ್ನಿನ ಆಯ್ಕೆಗೆ ಎಷ್ಟು ಹೊಂದುತ್ತವೆ, ಸುಲಭದ ನಡೆಗೂ ಕಷ್ಟದ ನಡೆಗೂ ಹಿಡಿದ ಸಮಯ ಎಷ್ಟು ಎಂದೆಲ್ಲ ತಾಳೆ ಹಾಕುತ್ತಾರೆ. ನಿಮಗೇ ಯಾರ ಮೇಲಾದರೂ ಗುಮಾನಿ ಬಂದರೂ ದಾರಿ ಇದೇ: ಒಂದಕ್ಷರ ಬರೆಯದೆ ರಿಪೋರ್ಟ್ ಮಾಡಿ. ಸಿಕ್ಕಿಬಿದ್ದರೆ ನೀವು ಕಳೆದುಕೊಂಡ ರೇಟಿಂಗ್ ವಾಪಸ್ ಬರುತ್ತದೆ. ಲಿಚೆಸ್, ಚೆಸ್ ಡಾಟ್ ಕಾಮ್ ಎರಡರಲ್ಲೂ ಆ ವ್ಯವಸ್ಥೆ ಇದೆ.

ಗಡಿಯಾರ ಓಡಲು ಬಿಟ್ಟು ಕೂರುವವರ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದು. ಆರು ನಿಮಿಷ ಉಳಿದಿದೆ, ಮುಂದಿನ ನಡೆಗೆ ಚೆಕ್‌ಮೇಟ್, ಅವರು ಮಾಯ. ಆದರೆ ನೀವು ಬರೆಯಲಿ ಎಂದೇ ಅವರು ಕಾಯುತ್ತಿರುತ್ತಾರೆ. ಎದ್ದುಹೋಗಿ ಚಹಾಕ್ಕೆ ಇಡಿ, ಫೋನಿನ ಮೇಲೆ ಮಾತ್ರ ಒಂದು ಕಣ್ಣಿರಲಿ. ಕೆಲವರು ಕೊನೆಯ ಅರ್ಧ ನಿಮಿಷಕ್ಕೆ ದಿಢೀರನೆ ಒಂದು ನಡೆ ಆಡಿ ನಿಮ್ಮನ್ನು ಹಿಡಿಯಲು ನೋಡುತ್ತಾರೆ. ಲಿಚೆಸ್‌ನಲ್ಲಿ ಎದುರಾಳಿ ಆಟ ಬಿಟ್ಟೇ ಹೋಗಿದ್ದರೆ ಸ್ವಲ್ಪ ಹೊತ್ತಿಗೆ ಗೆಲುವು ಕೇಳಿ ಪಡೆಯುವ ಆಯ್ಕೆ ಬರುತ್ತದೆ. ಪದೇ ಪದೇ ಹೀಗೆ ಮಾಡುವವರಿಗೆ ತಾಣಗಳೇ ತಾತ್ಕಾಲಿಕ ನಿಷೇಧ ಹಾಕುತ್ತವೆ. ಇದರ ಜೊತೆಗೆ ಗೆಲ್ಲುವವರ ಕಡೆಯ ಕೊಂಕೂ ಒಂದಿದೆ: ಗೆಲುವು ಕೈಯಲ್ಲಿದ್ದರೂ ಮುಗಿಸದೆ, ಇರುವ ಕಾಲಾಳುಗಳನ್ನೆಲ್ಲ ಮಂತ್ರಿ ಮಾಡುತ್ತ ಕೂರುವುದು. ಒಂದಕ್ಷರ ಬರೆಯದೆಯೂ ಅದು ಸಂದೇಶವೇ. ಎಷ್ಟೋ ಸಲ ಐದು ಮಂತ್ರಿಗಳ ನಡುವೆ ಎದುರಿನ ರಾಜನಿಗೆ ನಡೆಯೇ ಇಲ್ಲದೆ ಸ್ಟೇಲ್‌ಮೇಟ್ ಆಗಿ ಆಟ ಡ್ರಾ ಆಗುತ್ತದೆ. ಅಂಥವರನ್ನು ಕಂಡರೆ ನನಗೆ ಕನಿಕರ ಹುಟ್ಟುವುದಿಲ್ಲ.

ಗಡಿಯಾರ ಓಡಲು ಬಿಟ್ಟು ಕೂರುವವರನ್ನು ಸೋಲೊಪ್ಪದೆ ಆಡುವವರ ಜೊತೆ ಸೇರಿಸಬೇಡಿ. ಒಂದು ಆನೆ ಕಡಿಮೆಯಿದ್ದರೂ ಕೊನೆಯವರೆಗೆ ಆಡುವುದು ಅವರ ಹಕ್ಕು, ‘ಇನ್ನೂ ಯಾಕೆ ಆಡ್ತಿದ್ದೀರಿ, ರಿಸೈನ್ ಮಾಡಿ’ ಎಂದು ಬರೆಯುವುದೇ ಅಸಭ್ಯ. ಸಮಯದ ಮೇಲೆ ಗೆಲ್ಲುವುದೂ ಅಷ್ಟೇ. ಹತ್ತು ನಿಮಿಷದ ಆಟ ಎಂದು ಒಪ್ಪಿಕೊಂಡ ಮೇಲೆ ಗಡಿಯಾರವೂ ಒಂದು ಕಾಯಿ. ಅದು ಬೇಡವೆನಿಸಿದರೆ ಪ್ರತಿ ನಡೆಗೆ ಐದೋ ಹತ್ತೋ ಸೆಕೆಂಡ್ ಸೇರುವ ಇನ್‌ಕ್ರಿಮೆಂಟ್ ಆಟ ಆರಿಸಿಕೊಳ್ಳಿ. ನಿಮ್ಮ ವಯಸ್ಸಿನ ಎಲ್ಲರಿಗೂ ನಾನು ಹೇಳುವುದು ಅದನ್ನೇ.

ಈಗ ಮೊಮ್ಮಗನ ಸಲಹೆ. ಚಾಟ್ ಬಂದ್ ಮಾಡಿದರೆ ಸೊಕ್ಕು ಎಂದು ಯಾರೂ ತಿಳಿಯುವುದಿಲ್ಲ. ಎದುರು ಕೂತು ಆಡುವಾಗ ಎದುರಾಳಿಗೆ ಯಾವ ರೀತಿಯಲ್ಲೂ ಅಡ್ಡಿ, ಕಿರಿಕಿರಿ ಮಾಡಬಾರದು ಎಂದು ಫಿಡೆ ನಿಯಮವೇ ಹೇಳುತ್ತದೆ. ಡ್ರಾ ಕೊಡಿ ಡ್ರಾ ಕೊಡಿ ಎಂದು ಪೀಡಿಸುವುದೂ ಅದರಲ್ಲಿ ಬರುತ್ತದೆ. ಚೆಸ್‌ನಲ್ಲಿ ಮೌನವೇ ವಾಡಿಕೆ, ಮಾತು ಅದರ ಮೇಲಿನ ಒಗ್ಗರಣೆ. ಬೋರ್ಡಿನ ಮುಂದೆ ಕೈಕುಲುಕದಿದ್ದರೆ ಮಾತ್ರ ದೊಡ್ಡ ಸುದ್ದಿ. 2008ರಲ್ಲಿ ನೆದರ್ಲೆಂಡ್ಸ್‌ನ ವೈಕ್ ಆನ್ ಝೀಯಲ್ಲಿ ಚೆಪರಿನೋವ್ ಎಂಬ ಗ್ರ್ಯಾಂಡ್‌ಮಾಸ್ಟರ್ ನೈಜೆಲ್ ಶಾರ್ಟ್ ಕೈ ಹಿಡಿಯಲು ಒಪ್ಪದಿದ್ದಾಗ ಆಟ ಸೋತಂತೆ ಎಂದು ತೀರ್ಪಾಗಿತ್ತು. ಮೇಲ್ಮನವಿ ಹೋಗಿ ಮತ್ತೆ ಆಡಿಸಿದರು, ಶಾರ್ಟ್ ಆಡಿಯೂ ಗೆದ್ದರು. ಅದೇ ಊರಿನಲ್ಲಿ 2025ರ ಜನವರಿಯಲ್ಲಿ ಉಜ್ಬೇಕಿಸ್ತಾನದ ಯಾಕುಬ್ಬೊಯೆವ್ ಧಾರ್ಮಿಕ ಕಾರಣಕ್ಕೆ ನಮ್ಮ ವೈಶಾಲಿಯ ಕೈ ಕುಲುಕಲಿಲ್ಲ. ಆಮೇಲೆ ಹೂವು, ಚಾಕೊಲೇಟ್ ಹಿಡಿದು ಹೋಗಿ ಕ್ಷಮೆ ಕೇಳಿದರು. ಆನ್‌ಲೈನ್‌ನಲ್ಲಿ ಇಂಥ ನಿರೀಕ್ಷೆಯೇ ಇಲ್ಲ. ನಿಮ್ಮ ‘ಜಿಜಿ’ಗೆ ಉತ್ತರ ಬರದಿದ್ದರೆ ಅವರ ಚಾಟ್ ಬಂದ್ ಇರಬಹುದು, ಬಸ್ಸಿನಿಂದ ಇಳಿಯುತ್ತಿರಬಹುದು, ಭಾಷೆ ಬರದಿರಬಹುದು. ಲಿಚೆಸ್‌ನಲ್ಲಿ ಚಾಟ್ ಪೆಟ್ಟಿಗೆಯ ಮೇಲೇ ಒಂದು ಗುರುತು ಇದೆ, ಒತ್ತಿದರೆ ಬಂದ್, ಮತ್ತೆ ಒತ್ತಿದರೆ ಚಾಲೂ. ಚೆಸ್ ಡಾಟ್ ಕಾಮ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಬೇಕು. ಬಿರುಸಿನ ಆಟಗಳಿಗೆ ಬಂದ್ ಇಟ್ಟುಕೊಳ್ಳಿ.

ತೆರೆದೇ ಇಟ್ಟುಕೊಳ್ಳುವುದಾದರೆ ನಮ್ಮವರಿಗೆಂದೇ ಒಂದು ಎಚ್ಚರಿಕೆ. ಪರಿಚಯವಾದ ಕೂಡಲೇ ‘ಯಾವೂರು ನಿಮ್ದು? ಏನ್ ಕೆಲ್ಸ? ಮಕ್ಳೆಷ್ಟು?’ ಎಂದು ಕೇಳುವುದು ನಮ್ಮಲ್ಲಿ ಪ್ರೀತಿ. ಎದುರಿಗಿರುವುದು ಪೋಲೆಂಡಿನ ಹದಿನಾಲ್ಕು ವರ್ಷದ ಹುಡುಗಿಯಾಗಿದ್ದರೆ ಅವಳ ಮನೆಯವರಿಗೆ ಅದು ಗಾಬರಿ. ಕೇಳಬೇಡಿ. ಅಡ್ಡಹೆಸರು ನೋಡಿ ಕನ್ನಡದವರೆಂದು ಖಾತ್ರಿಯಾದರೆ ಕನ್ನಡದಲ್ಲೇ ಬರೆಯಿರಿ, ಅದರ ಖುಷಿಯೇ ಬೇರೆ. ಆದರೆ ‘ನೀವು’ ಎಂದೇ ಬರೆಯಿರಿ. ಆ ಕಡೆ ಎಂಟನೇ ಕ್ಲಾಸಿನ ಹುಡುಗ ಇರಬಹುದು, ನಿಮ್ಮ ಹಳೆಯ ಮ್ಯಾನೇಜರೂ ಇರಬಹುದು.

ಮೊಮ್ಮಗನೂ ಆಡುತ್ತಾನಾದರೆ ಅವನ ಖಾತೆಯನ್ನೂ ಒಮ್ಮೆ ನೋಡಿ. ಲಿಚೆಸ್‌ನಲ್ಲಿ ಮಕ್ಕಳಿಗೆಂದೇ ಕಿಡ್ ಮೋಡ್ ಇದೆ, ಹಾಕಿದರೆ ಚಾಟ್, ಖಾಸಗಿ ಸಂದೇಶ ಎಲ್ಲ ನಿಂತುಹೋಗುತ್ತದೆ. ಆಟ ಮುಗಿದ ಮೇಲೆ ವಾಟ್ಸ್ಆ್ಯಪ್ ನಂಬರ್ ಕೇಳುವವರು, ಕೋಚಿಂಗ್ ಕೊಡುತ್ತೇನೆಂದು ಲಿಂಕ್ ಕಳಿಸುವವರು ಇದ್ದಾರೆ. ಅವರ ಜೊತೆ ಸೌಜನ್ಯದ ಪ್ರಶ್ನೆಯೇ ಬರುವುದಿಲ್ಲ, ಬ್ಲಾಕ್.

ರಿಮ್ಯಾಚ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸೋತವರು ಇನ್ನೊಂದು ಆಟ ಕೇಳಿದರೆ ಆಡಲೇಬೇಕೆಂಬ ಕಟ್ಟುಪಾಡಿಲ್ಲ. ಬೇಡವೆಂದರೆ ಬೇಡ. ಅಂಕ ಕದ್ದು ಓಡಿದ ಎಂದು ಬರೆಯುವವರಿರುತ್ತಾರೆ, ಬರೆಯಲಿ.

ನಿಮಗೆ ನಿಜಕ್ಕೂ ಬೇಕಾಗಿರುವುದು ಆಟದ ಜೊತೆಗೆ ನಾಲ್ಕು ಮಾತು ಎಂದು ಪತ್ರ ಓದಿದಾಗ ಅನ್ನಿಸಿತು. ಹಾಗಿದ್ದರೆ ಹತ್ತು ನಿಮಿಷದ ಆಟ ಅದಕ್ಕೆ ಜಾಗವಲ್ಲ. ಒಂದು ನಡೆಗೆ ಒಂದೋ ಮೂರೋ ದಿನ ಕೊಡುವ ಡೈಲಿ ಆಟ ಶುರುಮಾಡಿ. ಹಿಂದೆ ಅಂಚೆ ಚೆಸ್ ಎಂದಿತ್ತು. ಕಾರ್ಡಿನಲ್ಲಿ ಒಂದು ನಡೆ, ಅದರ ಕೆಳಗೆ ಮಳೆಬೆಳೆಯದೋ ಮಗಳ ಮದುವೆಯದೋ ಒಂದೆರಡು ಸಾಲು. ಒಂದು ಆಟಕ್ಕೆ ವರ್ಷಗಟ್ಟಲೆ ಹಿಡಿಯುತ್ತಿತ್ತು. ಅದಕ್ಕೆಂದೇ 1951ರಲ್ಲಿ ಐಸಿಸಿಎಫ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಹುಟ್ಟಿತು, ಈಗಲೂ ಇದೆ. ಈಗ ಅಲ್ಲಿ ಎಂಜಿನ್ ಬಳಸಲು ಒಪ್ಪಿಗೆಯಿದೆ. ಲಿಚೆಸ್, ಚೆಸ್ ಡಾಟ್ ಕಾಮ್‌ನ ಡೈಲಿ ಆಟಗಳಲ್ಲಿ ಹಾಗಲ್ಲ: ಓಪನಿಂಗ್ ಪುಸ್ತಕ ನೋಡಬಹುದು, ಎಂಜಿನ್ ಮುಟ್ಟುವಂತಿಲ್ಲ. ವಾರಗಟ್ಟಲೆ ಆಡಿದವರ ನಡುವೆ ಮಾತಿಗೆ ತಾನೇ ದಾರಿಯಾಗುತ್ತದೆ. ಅಲ್ಲಿಯೂ ಮುಗಿದ ಮೇಲಿನ ಚರ್ಚೆಗೆ ನೀವು ಗೆದ್ದಿದ್ದರೆ ಎದುರಿನವರು ಬಾಯಿ ತೆರೆಯುವವರೆಗೆ ಕಾಯಿರಿ, ಸೋತಿದ್ದರೆ ನೀವೇ ‘ಆ 20ನೇ ನಡೆಯಲ್ಲಿ ಏನು ಯೋಚಿಸಿದ್ದಿರಿ?’ ಎಂದು ಕೇಳಿ. ಅವರು ಒಂದು ನಡೆ ಹೇಳಿದರೆ ನೀವೊಂದು ಹೇಳಿ. ‘ಎಂಜಿನ್ ಪ್ರಕಾರ ನೀವು ಅಲ್ಲೇ ಸೋತಿದ್ದಿರಿ’ ಎಂದು ಮೊದಲೇ ಶುರುಮಾಡಬೇಡಿ, ಮಾತು ಅಲ್ಲಿಗೇ ನಿಲ್ಲುತ್ತದೆ. ಎಂಜಿನ್ ತೆರೆಯುವುದು ಇಬ್ಬರಿಗೂ ಕಂಡದ್ದೆಲ್ಲ ಹೇಳಿ ಮುಗಿದ ಮೇಲೆ.